ಪಟ್ಟಿ ಹಂಚಿಕೆಯ ಹಾರ್ಡ್ ಡಿಸ್ಕ್‌ಗಳು: ಮೂರನೆಯದು ಸೇರಿದಾಗ

ಮನಗೂಳಿಯಂತಹ ಊರಿನಲ್ಲಿ ಮದುವೆಗಳ ವಿಡಿಯೊ ತೆಗೆಯುವ ಸ್ಟುಡಿಯೊ ಒಂದಿದೆ ಎಂದುಕೊಳ್ಳೋಣ. ವರ್ಷ 2004. ಡಿ.ವಿ. ಟೇಪಿನ ಒಂದು ಗಂಟೆಯ ಚಿತ್ರ ಗಣಕಕ್ಕೆ ಇಳಿದರೆ ಸುಮಾರು 13 ಗಿಗಾಬೈಟ್ ಜಾಗ ಬೇಕು. ತಲಾ 80 ಗಿಗಾಬೈಟಿನ ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಹಿಡಿಯುವುದು 12 ಗಂಟೆಗಳಷ್ಟು ಚಿತ್ರ ಮಾತ್ರ. ಲಗ್ನಗಳ ಕಾಲದಲ್ಲಿ ಇದು ಸಾಲದು. ಹಾಗಾದರೆ ಮೂರನೆಯ ಡಿಸ್ಕ್ ಸೇರಿಸಿದರಾಯಿತಲ್ಲವೇ? ಈ ಸುಲಭ ಪ್ರಶ್ನೆಗೆ ಸುಲಭ ಉತ್ತರ ಏಕಿಲ್ಲ ಎಂಬುದು ಗಣಕದ ಇತಿಹಾಸದ ಒಂದು ಕುತೂಹಲಕರ ಅಧ್ಯಾಯ.

ಒಂದರಿಂದ ಹಲವಕ್ಕೆ

ಐಬಿಎಂ ಸಂಸ್ಥೆ 1956ರಲ್ಲಿ ಹೊರತಂದ ರಾಮ್ಯಾಕ್ ಗಣಕದ ಡಿಸ್ಕ್ ಘಟಕದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅವೆಲ್ಲ ಸೇರಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳನ್ನು. ಮುಂದಿನ ದಶಕಗಳಲ್ಲಿ ಡಿಸ್ಕ್‌ಗಳ ಧಾರಣಶಕ್ತಿ ಬಹಳ ಬೆಳೆಯಿತು. ಆದರೆ ತಟ್ಟೆ ತಿರುಗಬೇಕು, ಓದುವ ತಲೆ ಸರಿದಾಡಬೇಕು; ಹೀಗಾಗಿ ವೇಗ ಮಾತ್ರ ಅದೇ ಪ್ರಮಾಣದಲ್ಲಿ ಏರಲಿಲ್ಲ.

ಕಡತವನ್ನು ಸಮನಾದ ತುಂಡುಗಳಾಗಿ ಕತ್ತರಿಸಿ, ಹಲವು ಡಿಸ್ಕ್‌ಗಳಿಗೆ ಸರದಿಯಂತೆ ಹಂಚಿದರೆ ಎಲ್ಲವೂ ಒಟ್ಟಿಗೆ ಕೆಲಸ ಮಾಡುತ್ತವೆ. ಈ 'ಸ್ಟ್ರೈಪಿಂಗ್' ಅಥವಾ ಪಟ್ಟಿ ಹಂಚಿಕೆಯನ್ನು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕೆನೆತ್ ಸೇಲಮ್ ಮತ್ತು ಹೆಕ್ಟರ್ ಗಾರ್ಸಿಯಾ-ಮೊಲಿನಾ 1986ರ ಪ್ರಬಂಧವೊಂದರಲ್ಲಿ ವಿಶ್ಲೇಷಿಸಿದರು.

1988ರಲ್ಲಿ ಬರ್ಕ್ಲಿಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ 'ರೇಡ್' ಎಂಬ ಹೆಸರನ್ನು ಬಳಕೆಗೆ ತಂದರು. ಒಂದು ದೊಡ್ಡ ಡಿಸ್ಕ್‌ನ ಬದಲು ಅಗ್ಗದ ಹಲವು ಚಿಕ್ಕ ಡಿಸ್ಕ್‌ಗಳನ್ನು ಬಳಸಬಹುದೆಂಬುದು ಅವರ ವಾದ. ಅದರ ಅಪಾಯವನ್ನೂ ಅವರು ಲೆಕ್ಕ ಹಾಕಿದ್ದರು. ಒಂದು ಡಿಸ್ಕ್ ಸರಾಸರಿ 30,000 ಗಂಟೆ ಬಾಳುವುದಾದರೆ, 100 ಡಿಸ್ಕ್‌ಗಳ ಸಮೂಹದಲ್ಲಿ ಯಾವುದಾದರೊಂದು ಕೆಡುವುದಕ್ಕೆ ಸರಾಸರಿ 300 ಗಂಟೆ ಸಾಕು. ಅಂದರೆ ಎರಡು ವಾರವೂ ಇಲ್ಲ! ಆದ್ದರಿಂದ ನಷ್ಟವಾದುದನ್ನು ಮತ್ತೆ ಪಡೆಯಲು ನೆರವಾಗುವ ಹೆಚ್ಚುವರಿ ಮಾಹಿತಿಯನ್ನೂ ಇಡಬೇಕೆಂದು 1ರಿಂದ 5ರವರೆಗೆ ಐದು ಮಟ್ಟಗಳನ್ನು ಸೂಚಿಸಿದರು. ಅಂಥ ಯಾವ ರಕ್ಷಣೆಯೂ ಇಲ್ಲದ ಬರಿಯ ಪಟ್ಟಿ ಹಂಚಿಕೆಗೆ ಆಮೇಲೆ ಬಂದ ಹೆಸರು 'ರೇಡ್ ಸೊನ್ನೆ'. ಹೆಸರೇ ಎಚ್ಚರಿಕೆ ಹೇಳುತ್ತದೆ.

1993ರ ವಿಂಡೋಸ್ ಎನ್‌ಟಿಯಲ್ಲಿ ಈ ಸೌಲಭ್ಯವಿತ್ತು. ಮನೆಯ ಗಣಕದ ಮದರ್‌ಬೋರ್ಡ್‌ಗಳಿಗಾಗಿ 2003ರಲ್ಲಿ ಬಂದ ಇಂಟೆಲ್‌ನ ಐಸಿಎಚ್5ಆರ್ ಚಿಪ್‌ನಲ್ಲೂ ಅದು ದೊರೆಯಿತು.

ಭಾಗಾಕಾರದ ತೊಡಕು

ಜೋಳದ ಒಂದು ಹಗೇವು ತುಂಬಿದರೆ ಪಕ್ಕದಲ್ಲಿ ಇನ್ನೊಂದನ್ನು ತೋಡಬಹುದು; ಮೊದಲಿನ ಜೋಳವನ್ನು ಮುಟ್ಟಬೇಕಿಲ್ಲ. ಪಟ್ಟಿ ಹಂಚಿಕೆ ಹಾಗಲ್ಲ. ತುಂಡುಗಳಿಗೆ 0, 1, 2, 3 ಎಂದು ಸಂಖ್ಯೆ ಕೊಡಿ. ತುಂಡಿನ ಸಂಖ್ಯೆಯನ್ನು ಡಿಸ್ಕ್‌ಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವ ಶೇಷ ಡಿಸ್ಕನ್ನು, ಭಾಗಲಬ್ಧ ಸಾಲನ್ನು ಸೂಚಿಸುತ್ತದೆ. ಡಿಸ್ಕ್, ಸಾಲು ಎರಡನ್ನೂ ಸೊನ್ನೆಯಿಂದಲೇ ಎಣಿಸಬೇಕು.

ಎರಡು ಡಿಸ್ಕ್‌ಗಳಿದ್ದಾಗ 5ನೆಯ ತುಂಡು ಡಿಸ್ಕ್ 1ರ ಸಾಲು 2ರಲ್ಲಿರುತ್ತದೆ. ಮೂರಾದಾಗ ಅದೇ ತುಂಡು ಡಿಸ್ಕ್ 2ರ ಸಾಲು 1ರಲ್ಲಿರಬೇಕು. ವಿದ್ಯಾರ್ಥಿಗಳು ಕಾಗದದ ಮೇಲೆ ಮಾಡಿ ನೋಡಲಿ: ಜಾಗ ಬದಲಿಸದವು 0 ಮತ್ತು 1 ಎಂಬ ಎರಡು ತುಂಡುಗಳು ಮಾತ್ರ! ಲಕ್ಷಾಂತರ ತುಂಡುಗಳಿದ್ದರೂ ಉಳಿದವೆಲ್ಲ ಸ್ಥಳಾಂತರಗೊಳ್ಳಲೇಬೇಕು.

ಈ ಸ್ಥಳಾಂತರದ ನಡುವೆ ಡಿಸ್ಕ್‌ಗಳ ಮೊದಲ ಭಾಗ ಹೊಸ ಕ್ರಮದಲ್ಲಿ, ಉಳಿದದ್ದು ಹಳೆಯ ಕ್ರಮದಲ್ಲಿ ಇರುತ್ತದೆ. ಆಗ ಕರೆಂಟ್ ಹೋದರೆ? ಕೆಲಸ ಎಲ್ಲಿಯವರೆಗೆ ಬಂದಿತ್ತೆಂಬ ದಾಖಲೆ ಭದ್ರವಾಗಿರದಿದ್ದರೆ ಯಾವ ತುಂಡು ಎಲ್ಲಿದೆಯೆಂದು ಹೇಳುವುದೇ ಅಸಾಧ್ಯ. ವಿಂಡೋಸ್ 2000 ಮತ್ತು ಎಕ್ಸ್‌ಪಿಗಳು ಪಟ್ಟಿ ಹಂಚಿಕೆಯ ಸಂಪುಟವನ್ನು ಹಿಗ್ಗಿಸಲು ಅವಕಾಶವನ್ನೇ ಕೊಡಲಿಲ್ಲ.

ಲಿನಕ್ಸ್ ತೋರಿದ ದಾರಿ

ಲಿನಕ್ಸ್‌ನಲ್ಲಿ 2006ರ 2.6.17ನೆಯ ಆವೃತ್ತಿ ರೇಡ್ 5 ಸಮೂಹಕ್ಕೆ ಡಿಸ್ಕ್ ಸೇರಿಸಿ ಬೆಳೆಸುವ ವಿಧಾನ ತಂದಿತು. ಮುಂದೆ ರೇಡ್ ಸೊನ್ನೆಗೂ ಒಂದು ಜಾಣ ಉಪಾಯ ದೊರೆಯಿತು. ರೇಡ್ 4ರಲ್ಲಿ ತಾಳೆ ನೋಡುವ ಲೆಕ್ಕಕ್ಕೆಂದೇ ಪ್ರತ್ಯೇಕ ಡಿಸ್ಕ್ ಇರುತ್ತದೆ. ಆ ಡಿಸ್ಕ್ ಇಲ್ಲದ ರೇಡ್ 4, ರಚನೆಯಲ್ಲಿ ರೇಡ್ ಸೊನ್ನೆಯೇ ಅಲ್ಲವೇ? ಆದ್ದರಿಂದ 'ಎಂಡಿಎಡಿಎಂ' ಎಂಬ ಸಾಧನ ಸಮೂಹವನ್ನು ತಾತ್ಕಾಲಿಕವಾಗಿ ರೇಡ್ 4 ಎಂದು ಪರಿಗಣಿಸಿ, ತುಂಡುಗಳನ್ನು ಮರುಹಂಚಿ, ಮತ್ತೆ ಸೊನ್ನೆಗೆ ಮರಳಿಸುತ್ತದೆ.

ಇಲ್ಲಿಯೂ ಪಾಠವೊಂದಿದೆ. ಬೇರೆಬೇರೆ ಗಾತ್ರದ ಡಿಸ್ಕ್‌ಗಳಿರುವ ರೇಡ್ ಸೊನ್ನೆ ಸಮೂಹಗಳಲ್ಲಿ ಸ್ಥಾನ ಎಣಿಸುವ ಸೂತ್ರ 2014ರ 3.14ನೆಯ ಆವೃತ್ತಿಯಲ್ಲಿ ಯಾರ ಗಮನಕ್ಕೂ ಬಾರದೆ ಬದಲಾಯಿತು. ಅದಕ್ಕೆ ಪರಿಹಾರ ಬಂದದ್ದು 2019ರಲ್ಲಿ. ಮಾಹಿತಿ ಡಿಸ್ಕ್‌ನಲ್ಲೇ ಇದ್ದರೂ ಸೂತ್ರ ತಪ್ಪಿದರೆ ಅದು ಇಲ್ಲದಂತೆಯೇ.

ಪ್ರತಿಯೇ ಭದ್ರತೆ

ಒಂದು ಡಿಸ್ಕ್ ವರ್ಷದಲ್ಲಿ ಕೆಡುವ ಸಂಭವ ಶೇಕಡಾ 3 ಎಂದಿಟ್ಟುಕೊಂಡರೆ, ಎರಡರ ಸಮೂಹಕ್ಕೆ ಅದು ಸುಮಾರು 5.9, ಮೂರರ ಸಮೂಹಕ್ಕೆ 8.7. ಜಾಗದ ಜೊತೆಗೆ ಅಪಾಯವೂ ಬೆಳೆಯಿತು. ಒಂದು ಡಿಸ್ಕ್ ಹೋದರೆ ಉಳಿದೆರಡರಲ್ಲಿ ಇರುವುದು ಅರ್ಥವಾಗದ ಚೂರುಗಳು.

ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880–1964) ತಾಳೆಗರಿ ಕಟ್ಟುಗಳನ್ನು ಹುಡುಕಿ ಸಂಗ್ರಹಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಪ್ರಕಟಿಸಿದರು. ವಚನಗಳು ಅಷ್ಟು ಶತಮಾನ ಉಳಿದುಬಂದದ್ದು ಅವುಗಳ ಪ್ರತಿಗಳು ಹಲವೆಡೆ ಇದ್ದುದರಿಂದ. ಒಂದು ಕಟ್ಟನ್ನು ಗೆದ್ದಲು ತಿಂದರೂ ಇನ್ನೊಂದು ಇರುತ್ತಿತ್ತು. ಪಟ್ಟಿ ಹಂಚಿಕೆ ಇದಕ್ಕೆ ತೀರ ವಿರುದ್ಧ. ಅದು ಇರುವ ಒಂದೇ ಪ್ರತಿಯನ್ನು ಹರಿದು ಹಂಚುತ್ತದೆ.

ಆದ್ದರಿಂದ ಸಮೂಹವನ್ನು ಬೆಳೆಸುವ ಮುನ್ನ ಎಲ್ಲವನ್ನೂ ಬೇರೊಂದು ಡಿಸ್ಕ್‌ಗೆ ನಕಲು ಮಾಡಿ, ಆ ನಕಲನ್ನು ತೆರೆದು ಪರೀಕ್ಷಿಸಬೇಕು. ಹಾಗೆ ನಕಲು ಇದ್ದ ಮೇಲೆ ಹಳೆಯ ಸಮೂಹವನ್ನು ಅಳಿಸಿ, ಮೂರು ಡಿಸ್ಕ್‌ಗಳಿಂದ ಹೊಸದನ್ನು ಕಟ್ಟಿ, ಮಾಹಿತಿಯನ್ನು ಮರಳಿ ತುಂಬುವುದೇ ಎಷ್ಟೋ ಸಲ ಸರಳವಾದ ದಾರಿ. ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿಗಳು ಬಂದ ಮೇಲೆ ವೇಗಕ್ಕಾಗಿ ಮನೆಯಲ್ಲಿ ಡಿಸ್ಕ್‌ಗಳನ್ನು ಹೀಗೆ ಜೋಡಿಸುವ ಅಗತ್ಯ ಬಹಳ ಕಡಿಮೆಯಾಗಿದೆ. ಇನ್ನೊಂದು ಪ್ರತಿಯ ಅಗತ್ಯ ಮಾತ್ರ ಕಡಿಮೆಯಾಗಿಲ್ಲ.