ಮಸೀದಿಯಿಂದ ಗ್ಯಾರಿಸನ್ ಸ್ಮಶಾನದವರೆಗೆ: ಶ್ರೀರಂಗಪಟ್ಟಣದ ಮುಸ್ಲಿಂ, ಕ್ರೈಸ್ತ ತಾಣಗಳನ್ನ ಒಂದೇ ದಿನದಲ್ಲಿ ನೋಡೋದು ಹೇಗೆ?

ಶ್ರೀರಂಗಪಟ್ಟಣ: ಪಟ್ಟಣಕ್ಕೆ ಬರೋರು ಸಾಮಾನ್ಯವಾಗಿ ರಂಗನಾಥಸ್ವಾಮಿ ದರ್ಶನ ಮಾಡ್ತಾರೆ, ನಿಮಿಷಾಂಬ ದೇವಸ್ಥಾನಕ್ಕೆ ಹೋಗ್ತಾರೆ, ಸಂಗಮದಲ್ಲಿ ನೀರಿಗಿಳೀತಾರೆ. ಟೈಮ್ ಉಳಿದರೆ ಗುಂಬಜ್ ಮುಂದೆ ಒಂದು ಸೆಲ್ಫಿ ತೆಗೆದು ವಾಪಸ್. ಆದರೆ ಇದೇ ದ್ವೀಪದಲ್ಲಿ ಒಂದು ಮಸೀದಿ, ಒಂದು ರಾಜ ಸಮಾಧಿ, ಒಂದು ಹಳೇ ಚರ್ಚ್, ಒಂದು ಯುರೋಪಿಯನ್ನರ ಸ್ಮಶಾನ ಇವೆ. ನಾಲ್ಕೂ ಹೆಚ್ಚುಕಮ್ಮಿ 1782ರಿಂದ 1823ರ ನಡುವಿನ ಒಂದೇ ಕಥೆಗೆ ಸೇರಿದ್ದು. ಬಿಡಿಬಿಡಿಯಾಗಿ ನೋಡಿದರೆ ಬರೀ ಹಳೇ ಕಟ್ಟಡ. ಒಂದೇ ದಿನ ಸಾಲಾಗಿ ನೋಡಿದರೆ ಗೆದ್ದವರು, ಸೋತವರು, ನಡುವೆ ಸಿಕ್ಕಿ ನೊಂದವರು ಎಲ್ಲರೂ ಇದೇ ಮಣ್ಣಲ್ಲಿ ಇದ್ದಾರೆ ಅನ್ನೋದು ಗೊತ್ತಾಗುತ್ತೆ.

ಬರೋದು ಹೇಗೆ?

ನಾಗಮಂಗಲದವರಿಗೆ ಪಾಂಡವಪುರದ ಮೇಲೆ ನೇರ ರಸ್ತೆ ಇದೆ. ಕೆ.ಆರ್. ಪೇಟೆಯವರು ಚಿನಕುರಳಿ, ಪಾಂಡವಪುರ ದಾಟಿ ಬರಬಹುದು. ರೈಲಲ್ಲಿ ಬಂದರೆ ಇನ್ನೂ ಅನುಕೂಲ, ಸ್ಟೇಷನ್ ಇರೋದೇ ಕೋಟೆ ಒಳಗೆ. ಬೆಂಗಳೂರು ಕಡೆಯಿಂದ ಕಾರಲ್ಲಿ ಬರೋರು ಮಾತ್ರ ಹುಷಾರು. ಎಕ್ಸ್‌ಪ್ರೆಸ್ ಹೈವೇ ಬೈಪಾಸ್ ಹಿಡಿದರೆ ಪಟ್ಟಣ ಪಕ್ಕಕ್ಕೆ ಉಳಿದುಹೋಗುತ್ತೆ, ಹಳೇ ಬೆಂಗಳೂರು–ಮೈಸೂರು ರಸ್ತೆಗೆ ಇಳೀಬೇಕು.

ಕೋಟೆ ಒಳಗಿನದನ್ನ ನಡೆದೇ ನೋಡಬಹುದು. ಗಂಜಾಂ ಕಡೆಗೆ ಆಟೋ ಬೇಕು. ದಿನಕ್ಕೆ ಇಷ್ಟು ಅಂತ ಮೊದಲೇ ಮಾತಾಡಿಕೊಂಡರೆ ಆಮೇಲೆ ಕಿರಿಕಿರಿ ಇರಲ್ಲ.

ಬೆಳಗ್ಗೆ: ಜಾಮಿಯಾ ಮಸೀದಿ

ಕೋಟೆಯ ಬೆಂಗಳೂರು ದ್ವಾರದ ಹತ್ತಿರ, ದೂರದಿಂದಲೇ ಕಾಣೋ ಎರಡು ಮಿನಾರ್‌ಗಳ ಕಟ್ಟಡವೇ ಜಾಮಿಯಾ ಮಸೀದಿ. ಮಸ್ಜಿದ್-ಎ-ಆಲಾ ಅನ್ನೋದು ಇದರ ಇನ್ನೊಂದು ಹೆಸರು. ಟಿಪ್ಪು ಸುಲ್ತಾನ್ ಇದನ್ನ ಕಟ್ಟಿಸಿದ್ದು 1786–87ರ ಸುಮಾರಿಗೆ. ಎತ್ತರದ ಜಗಲಿ ಮೇಲೆ ನಿಂತ ಕಟ್ಟಡಕ್ಕೆ ಮೆಟ್ಟಿಲು ಹತ್ತಿ ಹೋಗಬೇಕು. ಮಿನಾರ್‌ಗಳ ಮೈಮೇಲೆ ಸಾಲಾಗಿ ಕಾಣೋ ಸಣ್ಣ ಸಣ್ಣ ಕಿಂಡಿಗಳು ಪಾರಿವಾಳಗಳಿಗೆ ಬಿಟ್ಟಿದ್ದು. ಒಳಗೆ ಪರ್ಷಿಯನ್ ಶಾಸನ ಇದೆ.

ಈ ಸ್ಮಾರಕ ಇರೋದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿ. ಹಾಗಂತ ಬರೀ ಮ್ಯೂಸಿಯಂ ಅಲ್ಲ, ದಿನಾ ನಮಾಜು ನಡೆಯುತ್ತೆ. ಅದಕ್ಕೇ ಬೆಳಗ್ಗೆ ಬೇಗ ಹೋಗೋದು ಒಳ್ಳೇದು. ಶುಕ್ರವಾರ ಮಧ್ಯಾಹ್ನ ಜುಮಾ ನಮಾಜಿಗೆ ಜನ ಸೇರೋದರಿಂದ ಆ ಹೊತ್ತಲ್ಲಿ ನೋಡೋಕೆ ಹೋಗಬಾರದು.

ಇಲ್ಲಿಗೆ ಬಂದವರು ಒಂದು ವಿಚಾರ ತಿಳಿದಿರಬೇಕು. ಈ ಜಾಗದಲ್ಲಿ ಮೊದಲು ಹನುಮಂತನ ಗುಡಿ ಇತ್ತು ಅನ್ನೋದು ಹಿಂದೂ ಸಂಘಟನೆಗಳ ವಾದ, ಮಸೀದಿ ಕಡೆಯವರು ಅದನ್ನ ಒಪ್ಪಲ್ಲ. 2022ರ ಜೂನ್ 4ಕ್ಕೆ 'ಶ್ರೀರಂಗಪಟ್ಟಣ ಚಲೋ' ಕರೆ ಕೊಟ್ಟಾಗ ತಾಲ್ಲೂಕು ಆಡಳಿತ ನಿಷೇಧಾಜ್ಞೆ ಹಾಕಿತ್ತು. ಆವರಣದಲ್ಲಿನ ಮದರಸಾ ವಿಚಾರ ಹೈಕೋರ್ಟ್ ಮೆಟ್ಟಿಲೂ ಹತ್ತಿದೆ. ನೋಡೋಕೆ ಬಂದವರು ಅಲ್ಲಿ ನಿಂತು ವಾದ ಮಾಡೋದು, ವಿಡಿಯೊ ಮಾಡಿ ಹಾಕೋದು ಬೇಡ. ಅದರ ಬಿಸಿ ತಟ್ಟೋದು ಊರಲ್ಲೇ ಅಂಗಡಿ, ಆಟೋ ಇಟ್ಟುಕೊಂಡು ಬದುಕೋರಿಗೆ.

ಅಲ್ಲಿಂದ ನಡೆದು ಹೋದರೆ ಟಿಪ್ಪುವಿನ ದೇಹ ಸಿಕ್ಕಿದ ಜಾಗದ ಕಲ್ಲು ಸಿಗುತ್ತೆ. 1799ರ ಮೇ 4ರ ಮಧ್ಯಾಹ್ನ ಬ್ರಿಟಿಷ್ ಪಡೆ ಕೋಟೆಗೆ ನುಗ್ಗಿತು. ಅವತ್ತು ಸಂಜೆ ಹೆಣಗಳ ರಾಶಿ ನಡುವೆ ಸುಲ್ತಾನನ ದೇಹ ಪತ್ತೆಯಾಯಿತು. ಮುಂದೆ ನೋಡೋ ಎಲ್ಲ ಜಾಗಕ್ಕೂ ಈ ದಿನವೇ ಕೊಂಡಿ.

ಗಂಜಾಂ: ಗುಂಬಜ್

ದರಿಯಾ ದೌಲತ್ ಬಾಗ್ ದಾಟಿ ಪೂರ್ವಕ್ಕೆ ಹೋದರೆ ಗಂಜಾಂನ ಲಾಲ್‌ಬಾಗ್‌ನಲ್ಲಿ ಗುಂಬಜ್ ಇದೆ. ಹೈದರ್ ಅಲಿ ಸತ್ತಿದ್ದು 1782ರ ಡಿಸೆಂಬರ್‌ನಲ್ಲಿ, ಚಿತ್ತೂರು ಹತ್ತಿರದ ಸೇನಾ ಶಿಬಿರದಲ್ಲಿ. ದೇಹವನ್ನ ಮೊದಲು ಕೋಲಾರದಲ್ಲಿ ಇಟ್ಟು, ಆಮೇಲೆ ಇಲ್ಲಿಗೆ ತಂದರು. ಗುಂಬಜ್ ಕಟ್ಟಿದ್ದು 1782–84ರಲ್ಲಿ. ಸುತ್ತಲಿನ ಮೊಗಸಾಲೆಗೆ ನುಣುಪಾಗಿ ಉಜ್ಜಿದ 36 ಕಪ್ಪು ಕಲ್ಲಿನ ಕಂಬ ಇವೆ. ಕರಿಮರದ ಮೇಲೆ ದಂತದ ಕೆತ್ತನೆ ಕೂರಿಸಿದ ಬಾಗಿಲುಗಳನ್ನ ಕೊಡಿಸಿದ್ದು ಗವರ್ನರ್ ಜನರಲ್ ಲಾರ್ಡ್ ಡಾಲ್‌ಹೌಸಿ. ಒಳಗಿನ ಗೋಡೆಗೆ ಟಿಪ್ಪುವಿನ ಗುರುತಾದ ಹುಲಿಪಟ್ಟೆ ಬಣ್ಣ ಇದೆ.

ಮಧ್ಯದ ಗೋರಿ ಹೈದರ್ ಅಲಿದು. ಅಕ್ಕಪಕ್ಕದಲ್ಲಿ ಹೆಂಡತಿ ಫಾತಿಮಾ ಫಕ್ರುನ್ನಿಸಾ ಮತ್ತು ಮಗ ಟಿಪ್ಪು. 1799ರ ಮೇ 5ರ ಸಂಜೆ ಟಿಪ್ಪುವಿನ ಶವವನ್ನ ಇಲ್ಲಿಗೆ ತಂದಾಗ ಸೋಲಿಸಿದ ಸೈನ್ಯವೇ ಮಿಲಿಟರಿ ಗೌರವ ಕೊಟ್ಟಿತು. ಅವತ್ತು ರಾತ್ರಿ ಜೋರು ಗುಡುಗು ಮಳೆ ಬಂದಿದ್ದನ್ನ ಬ್ರಿಟಿಷ್ ಅಧಿಕಾರಿಗಳೇ ಬರೆದಿಟ್ಟಿದ್ದಾರೆ. ಹೊರಗಿನ ಜಗಲಿ ಮೇಲೆ ಇರೋವು ನೆಂಟರು, ಹತ್ತಿರದವರ ಗೋರಿಗಳು. ಪಕ್ಕದಲ್ಲೇ ಮಸ್ಜಿದ್-ಎ-ಅಕ್ಸಾ ಇದೆ. ಪ್ರತಿ ವರ್ಷ ಟಿಪ್ಪು ಉರುಸ್ ಹಿಜರಿ ಲೆಕ್ಕದಲ್ಲಿ ನಡೆಯೋದರಿಂದ ನಮ್ಮ ಕ್ಯಾಲೆಂಡರ್‌ನಲ್ಲಿ ವರ್ಷಕ್ಕೆ 10–11 ದಿನ ಹಿಂದೆ ಹಿಂದೆ ಬರುತ್ತೆ.

ಗುಂಬಜ್ ನೋಡಿದವರಲ್ಲಿ ಬಹಳ ಮಂದಿ ಗಮನಿಸದೇ ಹೋಗೋದು ಹತ್ತಿರದಲ್ಲೇ ಇರೋ ಕರ್ನಲ್ ವಿಲಿಯಂ ಬೈಲಿ ಸ್ಮಾರಕ. 1780ರ ಪೊಳ್ಳಿಲೂರು ಯುದ್ಧದಲ್ಲಿ ಸೋತು ಸೆರೆ ಸಿಕ್ಕಿದ ಈ ಅಧಿಕಾರಿ 1782ರ ನವೆಂಬರ್‌ನಲ್ಲಿ ಪಟ್ಟಣದ ಸೆರೆಯಲ್ಲೇ ಸತ್ತರು. 1816ರಲ್ಲಿ ಸ್ಮಾರಕ ಕಟ್ಟಿಸಿದ್ದು ಅವರ ಅಣ್ಣತಮ್ಮಂದಿರ ಮಗ. ಸೆರೆ ಹಾಕಿದವರ ಸಮಾಧಿ, ಸೆರೆಯಲ್ಲಿ ಸತ್ತವರ ನೆನಪು ಎರಡೂ ಕೂಗಳತೆ ದೂರದಲ್ಲಿವೆ.

ಅಬ್ಬೆ ದುಬೋಯಿಸ್ ಚರ್ಚ್

ಗಂಜಾಂ ಕಡೆಯೇ ಇರೋ ಈ ಚರ್ಚ್ ಶುರುವಾಗಿದ್ದು 1800ರ ಸುಮಾರಿಗೆ. ಇದರ ಹಿಂದೆ ಒಂದು ನೋವಿನ ಕಥೆ ಇದೆ. ಬ್ರಿಟಿಷರಿಗೆ ನೆರವಾದರು ಅನ್ನೋ ಆರೋಪದ ಮೇಲೆ ಕರಾವಳಿಯ ಕೊಂಕಣಿ ಕ್ಯಾಥೊಲಿಕ್ ಕ್ರೈಸ್ತರನ್ನ 1784ರಲ್ಲಿ ಟಿಪ್ಪು ಸೈನ್ಯ ಸೆರೆ ಹಿಡಿದು, ಘಟ್ಟ ಹತ್ತಿಸಿ, ನಡೆಸಿಕೊಂಡೇ ಪಟ್ಟಣಕ್ಕೆ ತಂದಿತು. ಎಷ್ಟು ಜನ ಅನ್ನೋದರಲ್ಲಿ ಇತಿಹಾಸಕಾರರಿಗೆ ಒಮ್ಮತ ಇಲ್ಲ, 30 ಸಾವಿರದಿಂದ 80 ಸಾವಿರದವರೆಗೆ ಲೆಕ್ಕ ಇದೆ. ದಾರಿಯಲ್ಲಿ, ಸೆರೆಯಲ್ಲಿ ಸತ್ತವರು ಬಹಳ. ಬಲವಂತದ ಮತಾಂತರವೂ ನಡೆಯಿತು. ಬಿಡುಗಡೆ ಆಗಿದ್ದು 15 ವರ್ಷದ ಮೇಲೆ, 1799ರಲ್ಲಿ.

ಚದುರಿದ ಕ್ರೈಸ್ತರನ್ನ ಮತ್ತೆ ಒಟ್ಟುಗೂಡಿಸೋಕೆ ಬಂದವರು ಫ್ರೆಂಚ್ ಪಾದ್ರಿ ಜಾನ್ ಆಂತ್ವಾನ್ ದುಬೋಯಿಸ್. ಈ ನೆಲದ ಜನರಂತೆ ಬಟ್ಟೆ ತೊಟ್ಟು, ಅವರ ಊಟವನ್ನೇ ಉಂಡ ಇವರನ್ನ ಜನ 'ದೊಡ್ಡ ಸ್ವಾಮಿಯವರು' ಅಂತಿದ್ದರು. ಸಿಡುಬಿನ ಲಸಿಕೆ ಹೊಸದಾಗಿ ಬಂದಿದ್ದ ಕಾಲದಲ್ಲಿ, 1803–04ರಲ್ಲಿ, ಇವರ ಮುತುವರ್ಜಿಯಲ್ಲಿ 25,432 ಜನಕ್ಕೆ ಲಸಿಕೆ ಹಾಕಿದ ದಾಖಲೆ ಇದೆ. ಹಿಂದೂಗಳ ಆಚಾರ ವಿಚಾರದ ಬಗ್ಗೆ ಇವರು ಬರೆದ ಹಸ್ತಪ್ರತಿಯನ್ನ ಈಸ್ಟ್ ಇಂಡಿಯಾ ಕಂಪನಿ 2,000 ಪಗೋಡ ಕೊಟ್ಟು ಕೊಂಡಿತು, 1816ರಲ್ಲಿ ಅದರ ಇಂಗ್ಲಿಷ್ ಅನುವಾದ ಬಂತು. 1823ರಲ್ಲಿ ಊರಿಗೆ ಮರಳಿದ ದುಬೋಯಿಸ್ ತೀರಿಕೊಂಡಿದ್ದು 1848ರಲ್ಲಿ.

ಕಟ್ಟಡ ದೊಡ್ಡದೇನಲ್ಲ. ಫೋಟೊಗಿಂತ ಕಥೆಗಾಗಿ ಹೋಗಬೇಕಾದ ಜಾಗ.

ಸಂಜೆ: ಗ್ಯಾರಿಸನ್ ಸ್ಮಶಾನ

ಹಳೇ ಬೆಂಗಳೂರು–ಮೈಸೂರು ರಸ್ತೆಯಿಂದ ಸುಮಾರು 300 ಮೀಟರ್ ಒಳಗೆ, ಕಾವೇರಿ ದಡದಲ್ಲಿ ಈ ಸ್ಮಶಾನ ಇದೆ. ಇಲ್ಲಿ 300ರಷ್ಟು ಗೋರಿಗಳಿವೆ. ಸೈನಿಕ ಅಧಿಕಾರಿಗಳ ಜೊತೆ ಅವರ ಹೆಂಡತಿ ಮಕ್ಕಳೂ ಇಲ್ಲೇ ಇದ್ದಾರೆ.

ಇವರೆಲ್ಲ ಇಂಗ್ಲಿಷರೇ ಅಂದುಕೊಂಡರೆ ತಪ್ಪು. ಡಿ ಮ್ಯುರಾನ್ ರೆಜಿಮೆಂಟ್ ಸ್ವಿಟ್ಜರ್ಲೆಂಡ್ ಕಡೆಯ ಬಾಡಿಗೆ ಪಡೆ. 1781ರಲ್ಲಿ ಡಚ್ಚರಿಗಾಗಿ ಕಟ್ಟಿದ್ದು, 1795ರಲ್ಲಿ ಬ್ರಿಟಿಷರ ಕಡೆಗೆ ಬಂತು, 1799ರಲ್ಲಿ ಪಟ್ಟಣದ ಮುತ್ತಿಗೆಯಲ್ಲಿ ಕಾದಿತು. ಪಾಳು ಬಿದ್ದಿದ್ದ ಗೋರಿಗಳು ಆ ವಂಶದವರ ನೆರವಿನಿಂದ ದುರಸ್ತಿ ಕಂಡಿವೆ. ಯುದ್ಧ ಗೆದ್ದ ಮೇಲೂ ಪಟ್ಟಣದ ಜ್ವರ ಬ್ರಿಟಿಷರನ್ನ ಬಿಡಲಿಲ್ಲ. 1809ರಲ್ಲಿ ಸೈನ್ಯ ಬೆಂಗಳೂರಿಗೆ ಹೋಯಿತು, ಅಲ್ಲಿ ದಂಡು ಪ್ರದೇಶ ಬೆಳೆಯಿತು.

ಮನೆಗೆ ಹೋಗೋ ದಾರೀಲಿ

ಕೆ.ಆರ್. ಪೇಟೆ, ನಾಗಮಂಗಲ ಕಡೆಯವರು ವಾಪಸ್ ಹೋಗ್ತಾ ಪಾಂಡವಪುರದಲ್ಲಿ ಒಂದು ಸಂಗತಿ ನೆನೆಯಬಹುದು. ಹೈದರ್, ಟಿಪ್ಪು ಕೈಕೆಳಗಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬಿಡಾರ ಹೂಡಿದ್ದಕ್ಕೇ ಆ ಊರಿಗೆ 'ಫ್ರೆಂಚ್ ರಾಕ್ಸ್' ಅನ್ನೋ ಹೆಸರಿತ್ತು. ಬೆಳಕಿದ್ದರೆ ತೊಣ್ಣೂರಿಗೂ ಹೋಗಬಹುದು. ಅಲ್ಲಿನ ದರ್ಗಾ ಟಿಪ್ಪು ಕಾಲಕ್ಕಿಂತ ಶತಮಾನಗಳಷ್ಟು ಹಳೇದು.

ನೆನಪಿರಲಿ

* ಮಸೀದಿ, ಗುಂಬಜ್‌ನಲ್ಲಿ ಚಪ್ಪಲಿ ಹೊರಗೆ ಬಿಡಬೇಕು. ತಲೆಗೆ ಕರ್ಚೀಫ್ ಅಥವಾ ದುಪಟ್ಟಾ ಇರಲಿ.
* ಪ್ರಾರ್ಥನೆ ಮಾಡ್ತಿರೋರ ಫೋಟೊ ಕೇಳದೆ ತೆಗೀಬಾರದು.
* ಚರ್ಚ್ ಬಾಗಿಲು ಹಾಕಿದ್ದರೆ ಅಕ್ಕಪಕ್ಕದವರನ್ನ ಕೇಳಿ, ಗೇಟು ಹಾರಬೇಡಿ.
* ಗೋರಿ ಕಲ್ಲಿನ ಮೇಲೆ ಕೂರೋದು, ಹೆಸರು ಕೆತ್ತೋದು ಬೇಡ.
* ಗೈಡ್ ಮಾಡಿಕೊಂಡರೆ ಇಸವಿ ಕೇಳಿ, ಪುರಾತತ್ವ ಇಲಾಖೆ ಬೋರ್ಡ್ ಜೊತೆ ತಾಳೆ ನೋಡಿ. ಪಟ್ಟಣದಲ್ಲಿ ಕಥೆ ಹೇಳೋರಿಗೆ ಬರ ಇಲ್ಲ.