ಮುಂಚಿತ ಬದ್ಧತೆ ಮತ್ತು ಸೀಟಿನ ಸಾಧ್ಯತೆ: ಶಿಕಾರಿಪುರ, ಸೊರಬ ತಾಲ್ಲೂಕುಗಳ ಸಿಇಟಿ ವಿದ್ಯಾರ್ಥಿಗಳನ್ನು ಕುರಿತು

ಬೇಡಿಕೆ ಹೆಚ್ಚಿರುವ ಕಾಲೇಜಿನಲ್ಲಿ ಸೀಟು ದೊರೆಯುವ ಸಾಧ್ಯತೆಯನ್ನು ಮೊದಲೇ ಅಂದಾಜಿಸಿ, ಆ ಅಂದಾಜನ್ನು ನಂಬಿ ಬೇಗನೆ ಒಂದು ಕಾಲೇಜಿಗೆ ಒಪ್ಪಿಕೊಳ್ಳುವುದನ್ನು ಈ ಲೇಖನದಲ್ಲಿ ‘ಮುಂಚಿತ ಬದ್ಧತೆ’ ಎಂದು ಕರೆಯಲಾಗಿದೆ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ, ಪ್ರವೇಶ ಸಿಕ್ಕರೆ ಅಲ್ಲಿಗೇ ಸೇರುವುದಾಗಿ ಮಾತು ಕೊಟ್ಟು ಮುಂಚಿತವಾಗಿ ಅರ್ಜಿ ಸಲ್ಲಿಸುವ ಪದ್ಧತಿಯಿದ್ದು, ಬೇಗ ಅರ್ಜಿ ಹಾಕಿದವರಿಗೆ ಅನುಕೂಲ ಹೆಚ್ಚೆಂಬುದನ್ನು ಎವೆರಿ, ಫೇರ್‌ಬ್ಯಾಂಕ್ಸ್ ಮತ್ತು ಝೆಕ್‌ಹೌಸರ್ ಅವರ 2003ರ ಗ್ರಂಥ ತೋರಿಸಿಕೊಟ್ಟಿತು. ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆಯ, ಅಂದರೆ ಸಿಇಟಿಯ, ಸೀಟು ಹಂಚಿಕೆಯಲ್ಲಿ ಅಂಥ ಅನುಕೂಲವಿಲ್ಲ. ಇಲ್ಲಿ ಅವಸರದ ಒಪ್ಪಿಗೆಯೂ ಭಯದಿಂದ ಬರೆದ ಆಯ್ಕೆಪಟ್ಟಿಯೂ ವಿದ್ಯಾರ್ಥಿಗೆ ನಷ್ಟವನ್ನೇ ತರಬಲ್ಲವು ಎಂಬುದು ಈ ಲೇಖನದ ಪ್ರತಿಪಾದನೆ.

ಎಂಜಿನಿಯರಿಂಗ್ ರ‍್ಯಾಂಕ್‌ನಲ್ಲಿ ಅರ್ಧ ಭಾಗ ದ್ವಿತೀಯ ಪಿಯುಸಿಯ ನಿಗದಿತ ವಿಷಯಗಳ ಅಂಕಗಳಿಂದಲೂ ಉಳಿದರ್ಧ ಸಿಇಟಿ ಅಂಕಗಳಿಂದಲೂ ಬರುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ರ‍್ಯಾಂಕ್‌ನ ಅನುಕ್ರಮದಲ್ಲಿ ಪ್ರತಿಯೊಬ್ಬರ ಆಯ್ಕೆಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ, ಅರ್ಹತೆಯಿರುವ ಮೊದಲ ಖಾಲಿ ಸೀಟನ್ನು ನೀಡುತ್ತದೆ. ಆದುದರಿಂದ 1917ರಲ್ಲಿ ಆರಂಭವಾದ ಬೆಂಗಳೂರಿನ ಯುವಿಸಿಇ ಎಂಜಿನಿಯರಿಂಗ್ ಕಾಲೇಜನ್ನು ಪಟ್ಟಿಯ ಮೊದಲಿಗೆ ಬರೆದ ಸೊರಬದ ವಿದ್ಯಾರ್ಥಿನಿಗೆ ಅಲ್ಲಿ ಸೀಟು ಸಿಗದಿದ್ದರೂ, ಎರಡನೆಯದಾಗಿ ಬರೆದ ಶಿವಮೊಗ್ಗದ ಜವಾಹರಲಾಲ್ ನೆಹರು ನ್ಯೂ ಕಾಲೇಜ್ ಆಫ್ ಎಂಜಿನಿಯರಿಂಗ್‌ನಲ್ಲಿ ಅವಳ ಸಾಧ್ಯತೆ ಕಿಂಚಿತ್ತೂ ಕುಗ್ಗುವುದಿಲ್ಲ. ಬೋಸ್ಟನ್ ನಗರದ ಶಾಲೆಗಳಲ್ಲಿ 2005ರವರೆಗೆ ಇದ್ದ ಕ್ರಮ ಬೇರೆಯಾಗಿತ್ತು. ಅಲ್ಲಿ ಮೊದಲ ಆಯ್ಕೆ ಕೈತಪ್ಪಿದರೆ ಎರಡನೆಯ ಶಾಲೆಯ ಸ್ಥಾನಗಳು ಅದನ್ನೇ ಮೊದಲು ಬರೆದವರ ಪಾಲಾಗಿರುತ್ತಿದ್ದವು. ‘ಸಿಗುವುದನ್ನೇ ಮೊದಲು ಬರೆ’ ಎಂಬ ಸಲಹೆ ಅಂಥ ಕ್ರಮಕ್ಕೆ ಸಲ್ಲುತ್ತದೆ, ಸಿಇಟಿಗೆ ಸಲ್ಲುವುದಿಲ್ಲ.

ಈ ತಾಲ್ಲೂಕುಗಳ ಮಕ್ಕಳ ಸಾಧ್ಯತೆ ರ‍್ಯಾಂಕ್ ಒಂದರಿಂದಲೇ ನಿರ್ಧಾರವಾಗುವುದಿಲ್ಲ. 1ರಿಂದ 10ನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದ ಶಾಲೆಗಳಲ್ಲಿ ಓದಿದವರಿಗೆ ಶೇ 15ರಷ್ಟು, ಅದೇ ಅವಧಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರಷ್ಟು ಸೀಟುಗಳು ಮೀಸಲಾಗಿವೆ. ಇವು ಸಮತಲ ಮೀಸಲಾತಿಗಳು, ಅಂದರೆ ಪ್ರತಿಯೊಂದು ವರ್ಗದ ಸೀಟುಗಳ ಒಳಗೇ ಹಂಚಿಕೆಯಾಗುವಂಥವು. ಹೀಗಾಗಿ ಹಿಂದುಳಿದ ವರ್ಗಗಳ 2ಎ ವರ್ಗದಲ್ಲಿ 2ಎಜಿ (ಸಾಮಾನ್ಯ), 2ಎಆರ್ (ಗ್ರಾಮೀಣ), 2ಎಕೆ (ಕನ್ನಡ ಮಾಧ್ಯಮ) ಎಂಬ ಮೂರು ಬಗೆಯ ಸೀಟುಗಳಿದ್ದು, ಒಂದೊಂದಕ್ಕೂ ಕೊನೆಯ ರ‍್ಯಾಂಕ್ ಬೇರೆಯಾಗಿರುತ್ತದೆ. ಇಲ್ಲಿ ಪರಿಗಣನೆಗೆ ಬರುವುದು ಮನೆಯಿರುವ ಊರಲ್ಲ, ಶಾಲೆಯಿರುವ ಊರು. ತಾಳಗುಂದ ಅಥವಾ ಚಂದ್ರಗುತ್ತಿಯಲ್ಲಿ ಮನೆಯಿದ್ದೂ ಶಿಕಾರಿಪುರ ಪಟ್ಟಣದ ಶಾಲೆಯಲ್ಲಿ ಕೆಲವು ವರ್ಷ ಓದಿದ ಮಗು ಗ್ರಾಮೀಣ ಮೀಸಲಾತಿಯನ್ನು ಕಳೆದುಕೊಳ್ಳುತ್ತದೆ. ಪಟ್ಟಣದ ಶಾಲೆಗೆ ಮಗುವನ್ನು ಸೇರಿಸುವ ದಿನವೇ ತಂದೆತಾಯಿಗಳು ತಮಗರಿವಿಲ್ಲದಂತೆ ಮುಂದಿನ ಕಾಲೇಜಿನ ಸಾಧ್ಯತೆಯನ್ನೂ ಬದಲಿಸಿರುತ್ತಾರೆ.

ಸಾಧ್ಯತೆಯನ್ನು ಅಳೆಯಲು ಸಾಮಾನ್ಯವಾಗಿ ಬಳಸುವ ಸಾಧನ ಹಿಂದಿನ ವರ್ಷದ ಕಟ್‌ಆಫ್, ಅಂದರೆ ಒಂದು ಕೋರ್ಸಿನಲ್ಲಿ ಒಂದು ಬಗೆಯ ಸೀಟು ಪಡೆದ ಕೊನೆಯ ಅಭ್ಯರ್ಥಿಯ ರ‍್ಯಾಂಕ್. ಸೀಟುಗಳ ಸಂಖ್ಯೆ, ಹೊಸ ಕೋರ್ಸುಗಳು, ಅಭ್ಯರ್ಥಿಗಳ ಒಲವು ಇವೆಲ್ಲ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಅದನ್ನು ಗಡಿಗೆರೆಯೆಂದು ತಿಳಿಯದೆ ಸೂಚನೆಯೆಂದು ತಿಳಿಯುವುದು ಯುಕ್ತ. ಒಂದೆರಡೇ ಸೀಟುಗಳಿರುವ ಬಗೆಗಳಲ್ಲಿ ಒಬ್ಬ ಅಭ್ಯರ್ಥಿಯ ಮನಸ್ಸು ಬದಲಾದರೂ ಕೊನೆಯ ರ‍್ಯಾಂಕ್ ಬಹಳ ಸರಿಯಬಲ್ಲದು. ತನ್ನ ವರ್ಗಕ್ಕೆ ಸಂಬಂಧಿಸಿದ ಹಲವು ವರ್ಷಗಳ ಅಂಕಿಗಳನ್ನೂ, ಆಯಾ ವರ್ಷ ಪ್ರಾಧಿಕಾರ ಪ್ರಕಟಿಸುವ ಅಣಕು ಹಂಚಿಕೆಯ ಫಲಿತಾಂಶವನ್ನೂ ಜೊತೆಗಿಟ್ಟು ನೋಡಬೇಕು. ಈ ಅಂದಾಜಿನಿಂದ ನಿರ್ಧರಿಸಬೇಕಾದದ್ದು ಪಟ್ಟಿ ಎಷ್ಟು ಉದ್ದವಿರಬೇಕೆಂಬುದನ್ನೇ ಹೊರತು ಅದರ ಅನುಕ್ರಮವನ್ನಲ್ಲ.

ಬದ್ಧತೆಯ ಪ್ರಶ್ನೆ ಏಳುವುದು ಸೀಟು ದೊರೆತ ನಂತರ, ಪ್ರಾಧಿಕಾರ ಮುಂದಿಡುವ ನಾಲ್ಕು ‘ಚಾಯ್ಸ್’ಗಳಲ್ಲಿ ಒಂದನ್ನು ಆರಿಸುವಾಗ. ಮೊದಲನೆಯ ‘ಚಾಯ್ಸ್’ ಎಂದರೆ ಸೀಟನ್ನು ಒಪ್ಪಿ ಕಾಲೇಜಿಗೆ ಸೇರಿ ಮುಂದಿನ ಸುತ್ತುಗಳಿಂದ ಹೊರಗುಳಿಯುವುದು. ಎರಡನೆಯದು, ಸೀಟನ್ನು ಉಳಿಸಿಕೊಂಡೇ ಪಟ್ಟಿಯ ಮೇಲಿನ ಆಯ್ಕೆಗಳಿಗೆ ಕಾಯುವುದು. ಮೂರನೆಯದು, ಸೀಟನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದು, ಪ್ರಕ್ರಿಯೆಯಿಂದಲೇ ಹೊರಬರುವುದು. ಮೇಲಿನ ಆಯ್ಕೆಗಳು ನಿಜವಾಗಿಯೂ ಬೇಕಾದವಾಗಿದ್ದರೆ ಎರಡನೆಯ ಮಾರ್ಗವೇ ಕ್ಷೇಮಕರ. ಆದರೆ ಮೇಲಿನ ಸೀಟು ದೊರೆತ ಕೂಡಲೇ ಹಿಂದಿನದು ರದ್ದಾಗುವುದರಿಂದ, ಮನಸ್ಸಿಲ್ಲದ ಕಾಲೇಜನ್ನು ಪಟ್ಟಿಯ ಮೇಲ್ಭಾಗದಲ್ಲಿ ಬರೆದವರು ಒಪ್ಪಿದ ಸೀಟನ್ನೇ ಕಳೆದುಕೊಳ್ಳಬಹುದು. ಫಲಿತಾಂಶಕ್ಕೂ ಮುನ್ನ ಖಾಸಗಿ ಕಾಲೇಜಿನ ಆಡಳಿತ ಮಂಡಳಿ ಸೀಟಿಗೆ ಮುಂಗಡ ಹಣ ಕಟ್ಟುವುದಂತೂ ಸರ್ಕಾರಿ ಶುಲ್ಕದ ಸೀಟು ಸಿಗಬಹುದಾಗಿದ್ದ ಕುಟುಂಬದ ಮೇಲೆ ಅನಗತ್ಯ ಹೊರೆ ಹೊರಿಸುತ್ತದೆ.

ಕದಂಬ ವಂಶದ ಸ್ಥಾಪಕ ಮಯೂರಶರ್ಮನು ಉನ್ನತ ವಿದ್ಯೆಗಾಗಿ ಕಂಚಿಯ ಘಟಿಕೆಗೆ, ಅಂದರೆ ಅಲ್ಲಿನ ವಿದ್ಯಾಕೇಂದ್ರಕ್ಕೆ, ಹೋದುದನ್ನು ಶಿಕಾರಿಪುರ ತಾಲ್ಲೂಕಿನದೇ ಆದ ತಾಳಗುಂದದ ಸ್ತಂಭಶಾಸನ ಹೇಳುತ್ತದೆ. ವಿದ್ಯೆಗಾಗಿ ದೂರ ಹೋಗುವುದು ಈ ನೆಲಕ್ಕೆ ಹೊಸದಲ್ಲ. ಹಾಸ್ಟೆಲ್ ಖರ್ಚು, ದೂರ, ಮನೆಯ ಸ್ಥಿತಿ ಇವುಗಳನ್ನು ತೂಗಿ ಹತ್ತಿರದ ಇರುವಕ್ಕಿಯ ಕೃಷಿ ವಿಶ್ವವಿದ್ಯಾಲಯವೇ ಮೇಲೆಂದು ಒಬ್ಬರು ನಿರ್ಧರಿಸಿದರೆ ಅದೂ ನಿಜವಾದ ಇಷ್ಟವೇ. ತಪ್ಪಿರುವುದು ಇಷ್ಟವನ್ನು ಭಯಕ್ಕೆ ಒಪ್ಪಿಸುವುದರಲ್ಲಿ. ಆದ್ದರಿಂದ ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯನ್ನು ಸಕಾಲದಲ್ಲಿ ಒದಗಿಸುವುದು, ಪದವಿಪೂರ್ವ ಕಾಲೇಜುಗಳಲ್ಲಿ ಆಯ್ಕೆಪಟ್ಟಿಯ ನಿಯಮವನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದು, ಈ ಎರಡೂ ಕೆಲಸಗಳು ಇಲ್ಲಿನ ಮಕ್ಕಳಿಗೆ ಯಾವ ದುಬಾರಿ ತರಬೇತಿಗೂ ಕಡಿಮೆಯಲ್ಲದ ನೆರವಾಗುತ್ತವೆ.