ಮಿಕ್ಕಿದ್ದೇ ಕಾವಲು

ನಮ್ಮಣ್ಣ ತೋಟದ ಮನೆಯ ಹಿಂದೆ ಮೊಮ್ಮಕ್ಕಳಿಗೆಂದು ಪುಟ್ಟದೊಂದು ಈಜುಕೊಳ ಕಟ್ಟಿಸಿದ್ದಾನೆ. ಒಂದು ಬೇಸಿಗೆ ರಜೆಯಲ್ಲಿ ನಾನೂ ಅಲ್ಲಿದ್ದೆ. ಏಳೆಂಟು ಮಕ್ಕಳು ಬೆಳಗಿನಿಂದ ಸಂಜೆಯವರೆಗೆ ನೀರು ಬಿಟ್ಟು ಮೇಲೇಳಲಿಲ್ಲ. ಮೂರನೆಯ ದಿನ ಎಲ್ಲರ ಕಣ್ಣೂ ಕೆಂಪು; ಕೊಳದ ಹತ್ತಿರ ಹೋದರೆ ಮೂಗಿಗೆ ಅಡರುವ ಘಾಟು. "ಔಷಧಿ ಜಾಸ್ತಿ ಆಯ್ತು ಕಣ್ರೀ, ಇನ್ನು ನಾಲ್ಕು ದಿನ ಹಾಕಬೇಡಿ" ಎಂದು ಅತ್ತಿಗೆ ಅಣ್ಣನಿಗೆ ಹೇಳಿದರು. ನಾನೂ ತಲೆಯಾಡಿಸಿದೆ. ವಾರ ಕಳೆಯುವಷ್ಟರಲ್ಲಿ ನೀರು ಹಸಿರುಗಟ್ಟಿತು. ಚಿಕ್ಕ ಮೊಮ್ಮಗಳಿಗೆ ಭೇದಿ ಹತ್ತಿ ಎರಡು ರಾತ್ರಿ ಆಸ್ಪತ್ರೆಯಲ್ಲಿ ಕಳೆದೆವು. ಆ ನೀರಿನಿಂದಲೇ ಹೀಗಾಯಿತೆಂದು ಖಚಿತವಾಗಿ ಹೇಳಲಾಗದು ಎಂದರು ವೈದ್ಯರು. ಆದರೂ ನನ್ನ ತಲೆಯಾಡಿಸುವಿಕೆ ನನ್ನನ್ನು ಚುಚ್ಚುತ್ತಲೇ ಇತ್ತು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ನೆನಪಾದದ್ದು ನಮ್ಮೂರ ಬಾವಿ. ಕಾಲರಾ ಸುದ್ದಿ ಬಂದೊಡನೆ ಆರೋಗ್ಯ ಕಾರ್ಯಕರ್ತರೊಬ್ಬರು ಬಂದು ಬಕೆಟ್ಟಿನಲ್ಲಿ ಬ್ಲೀಚಿಂಗ್ ಪುಡಿ ಕಲಸಿ, ತಿಳಿಯನ್ನು ಬಾವಿಗೆ ಇಳಿಸುತ್ತಿದ್ದರು. "ಔಷಧಿ ನೀರು ದೇವರಿಗಾಗದು" ಎಂದು ಅಜ್ಜಿ ಮುಂಚೆಯೇ ಎರಡು ಕೊಡ ಸೇದಿಟ್ಟುಕೊಳ್ಳುತ್ತಿದ್ದರು. ಒಂದು ಗಂಟೆಯ ಮೇಲೆ ಆತ ಮತ್ತೆ ಬಂದು, ಗಾಜಿನ ನಳಿಗೆಯಲ್ಲಿ ನೀರು ಹಿಡಿದು ಯಾವುದೋ ಹನಿ ಬಿಡುತ್ತಿದ್ದರು. ಹಳದಿ ಬಣ್ಣ ಬಂದರೆ ಸರಿ. ಬಾರದಿದ್ದರೆ ಮತ್ತೆ ಪುಡಿ ಕಲಸುವುದೇ. ನಮಗೆ ಅದು ಇಂದ್ರಜಾಲ.

ಆ ಪುಡಿಯ ಕಥೆ ಹಳೆಯದು. 1774ರಲ್ಲಿ ಸ್ವೀಡನ್ನಿನ ಶೀಲೆ ಕ್ಲೋರಿನ್ ಅನಿಲ ತಯಾರಿಸಿದ. 1799ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಟೆನೆಂಟ್ ಅದನ್ನು ಸುಣ್ಣಕ್ಕೆ ಹಿಡಿಸಿ ಪುಡಿ ಮಾಡಿದ. ಬಟ್ಟೆ ಬಿಳುಪು ಮಾಡುವುದಕ್ಕೆ. ರೋಗವೆಲ್ಲ ದುರ್ವಾಸನೆಯಿಂದ ಬರುತ್ತದೆಂದು ನಂಬಿದ್ದ ಕಾಲ ಅದು. 1854ರಲ್ಲಿ ಜಾನ್ ಸ್ನೋ ಎಂಬ ವೈದ್ಯ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಪಂಪನ್ನು ಬೊಟ್ಟುಮಾಡಿ, ಕಾಲರಾ ಹರಡುವುದು ನೀರಿನಿಂದ ಎಂದ. ಬಹುಮಂದಿ ಒಪ್ಪಲಿಲ್ಲ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ನಾರಿದಾಗಲೂ ಅಲ್ಲಿನ ಪಾರ್ಲಿಮೆಂಟಿನ ಪರದೆಗಳನ್ನು ಈ ಪುಡಿಯ ನೀರಿನಲ್ಲಿ ಅದ್ದಿ ತೂಗುಹಾಕಿದರು. ಮೂಗೇ ಅವರಿಗೆ ನ್ಯಾಯಾಧೀಶ.

ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ 1905ರಲ್ಲಿ ಟೈಫಾಯ್ಡ್ ಹಬ್ಬಿದಾಗ ಊರಿನ ನೀರಿಗೇ ಕ್ಲೋರಿನ್ ಬೆರೆಸಿದರು. 1908ರ ಸೆಪ್ಟೆಂಬರ್ 26ರಂದು ಅಮೆರಿಕದ ಜರ್ಸಿ ಸಿಟಿಯ ನೀರಿಗೆ ಜಾನ್ ಲೀಲ್ ಎಂಬ ವೈದ್ಯ ಬ್ಲೀಚಿಂಗ್ ಪುಡಿಯ ದ್ರಾವಣ ಬಿಡತೊಡಗಿದ. ಊರಿನವರ ಒಪ್ಪಿಗೆ ಕೇಳಿರಲಿಲ್ಲ. ಆ ನೀರು ಕುಡಿಯಲು ಯೋಗ್ಯವೇ ಎಂಬುದು ನ್ಯಾಯಾಲಯದ ಪ್ರಶ್ನೆಯಾಯಿತು. 1910ರಲ್ಲಿ ಉತ್ತರ ಲೀಲ್‌ನ ಪರವಾಗಿ ಬಂತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಬ್ರೌನ್ ವಿಶ್ವವಿದ್ಯಾಲಯದ ಈಜುಕೊಳಕ್ಕೂ ಕ್ಲೋರಿನ್ ಇಳಿಯಿತು.

ಕ್ಲೋರಿನ್ ಮೊದಲು ನೀರಿನ ಕೊಳೆಯ ಮೇಲೆ ಖರ್ಚಾಗುತ್ತದೆ. ಖರ್ಚಾಗಿ ಮಿಕ್ಕಿದ್ದೇ ಕಾವಲು. ಬಾವಿಗಾದರೆ 1000 ಲೀಟರಿಗೆ 2.5 ಗ್ರಾಂ ಪುಡಿ ಹಾಕುವುದು ವಾಡಿಕೆ. ಗಂಟೆಯ ಮೇಲೆ ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ಮಿಕ್ಕಿರಬೇಕು. ಈಜುಕೊಳದಲ್ಲಿ 1ರಿಂದ 3 ಮಿಲಿಗ್ರಾಂ. ಬಯಲಿನ ಕೊಳದಲ್ಲಿ ಬಿಸಿಲು ಅದನ್ನು ಕೆಲವೇ ಗಂಟೆಗಳಲ್ಲಿ ತಿಂದುಹಾಕುತ್ತದೆ. ನೀರಿನ ಪಿಎಚ್ 7.8 ದಾಟಿತೋ, ಕ್ಲೋರಿನ್ ಇದ್ದೂ ಸೋಮಾರಿ. ಬೆವರು, ಮೂತ್ರಗಳೊಡನೆ ಸೇರಿದ ಕ್ಲೋರಿನ್ ಕ್ಲೋರಮೈನ್ ಆಗುತ್ತದೆ. ಘಾಟು, ಕಣ್ಣುರಿ ಅದರದ್ದು. ಕಾವಲುಗಾರ ಒಬ್ಬನೇ ಏಗಲಾರದೆ ಕೂಗಿಕೊಂಡಿದ್ದ. ಇನ್ನಷ್ಟು ಜನ ಕಳಿಸುವ ಬದಲು ನಾವು ಅವನನ್ನೂ ಕೆಲಸದಿಂದ ತೆಗೆದಿದ್ದೆವು. ಲಂಡನ್ನಿನವರನ್ನು ನಗುವ ಹಕ್ಕು ನಮಗೆಲ್ಲಿದೆ?

ಈಗ ಅಣ್ಣ ಸಂಜೆ ಬಿಸಿಲಿಳಿದ ಮೇಲೆ ಔಷಧಿ ಹಾಕುತ್ತಾನೆ. ಬೆಳಿಗ್ಗೆ ನಳಿಗೆಯಲ್ಲಿ ನೀರು ಹಿಡಿದು ಹನಿ ಬಿಡುತ್ತಾನೆ. ಚಿಕ್ಕ ಮೊಮ್ಮಗಳು ಪಕ್ಕದಲ್ಲಿ ನಿಂತು ಹಳದಿಗಾಗಿ ಕಾಯುತ್ತಾಳೆ. ಬಣ್ಣ ಬರುವ ತನಕ ಯಾರೂ ನೀರಿಗೆ ಇಳಿಯುವಂತಿಲ್ಲ.